ಸೊಟ್ಟ ಕಾಲಿನದು

ಗಿಲ್ಮೋರ್ ಬೀದಿ, ಮನಿಲಾದ ಮಟಮಟ ಮಧ್ಯಾಹ್ನ.
ಅಂಗಡಿಯ ಗಾಜಿಗೆ ಮೂಗೊತ್ತಿ ನಿಂತಿದ್ದವಳು
ಒಳಬಂದು ಬಿಸ್ಕತ್ತಿನ ಡಬ್ಬ ಕೌಂಟರಿನ ಮೇಲಿಟ್ಟಳು.
ಇಟ್ಟ ಸದ್ದಿಗೇ ತಿಳಿಯಿತು
ಒಳಗಿರುವುದು ಬಿಸ್ಕತ್ತಲ್ಲ.

ಹೆಸರು ಪ್ರಿಸ್ಕಾ. ಊರು ಮರಿಕಿನಾ.
ಕಸುಬು, ಬೂಟಿನ ಮೇಲ್ದೊಗಲು ಹೊಲಿಯುವುದು.
ಮನೆಯೆದುರು ತಗಡಿನ ಮಾಡು, ಅದರಡಿ ನಾಲ್ಕು ಕಂಪ್ಯೂಟರ್,
ಒಂದು ಪೆಸೋ ತೂರಿಸಿದರೆ ಐದು ನಿಮಿಷ ಆಟ.
ನಾಲ್ಕರಲ್ಲೊಂದು ಹೋದ ತಿಂಗಳು ಹೊಳೆನೀರು ಕುಡಿದು
ಮತ್ತೆ ಕಣ್ಣು ಬಿಡಲಿಲ್ಲ.

"ರ್‍ಯಾಮು ಬದುಕಿದೆ, ಡಿಸ್ಕು ಬದುಕಿದೆ. ತಲೆ ಯಾವುದು ಹಾಕಲಿ?"
ಪ್ರೊಸೆಸರ್, ಅಂದೆ.
"ಅದೇ. ತಲೆ."

ನನಗೆ ಬಾಯಿಪಾಠ, ಶುರುವಾದೆ:
ಎಂಟು ಕೋರು, ಹನ್ನೆರಡು ಸಾವಿರ, ಐದು ವರ್ಷ ತಿರುಗಿ ನೋಡಬೇಕಿಲ್ಲ.
ಆರು ಕೋರು, ಏಳು ಸಾವಿರ,
ಚಿತ್ರ ಬಿಡಿಸುವ ಕೆಲಸವೂ ಇದರ ಹೊಟ್ಟೆಯಲ್ಲೇ,
ಬೇರೆ ಕಾರ್ಡಿನ ಖರ್ಚಿಲ್ಲ.
ಎಂಟರದ್ದು ಮಾರಿದರೆ ನನಗೆ ಮುನ್ನೂರು ಕಮಿಷನ್.
ಅದನ್ನು ಹೇಳಲಿಲ್ಲ.

ಅವಳು ಗಿಗಾಹರ್ಟ್ಸ್ ಕೇಳಲಿಲ್ಲ.
ಕರೆಂಟು ಎಷ್ಟು ಕುಡಿಯುತ್ತದೆ?
ಏಪ್ರಿಲ್ ತಿಂಗಳ ತಗಡಿನಡಿ ತಾಳುತ್ತದೆಯೆ?
ಗುಂಡು ಹಾರಿಸುವ ಹೊತ್ತಿಗೆ ಚಿತ್ರ ತಡವರಿಸಿದರೆ
ಹುಡುಗನ ಮುಂದಿನ ಪೆಸೋ ಪಕ್ಕದ ಬೀದಿಗೆ, ಗೊತ್ತಲ್ಲ?
ಗೊತ್ತಿತ್ತು. ಹನ್ನೊಂದರ ವಯಸ್ಸಿನಲ್ಲಿ
ಹಾಗೆ ಬೀದಿ ಬದಲಿಸಿದವನೇ ನಾನು.

ಡಬ್ಬದ ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಮಾಡಿದಳು.
ಏಳು ಸಾವಿರವೆಂದರೆ ಏಳು ಸಾವಿರ ಸಲ ಐದೈದು ನಿಮಿಷ.
ಎವೆ ಮುಚ್ಚದೆ ಆಡಿದರೂ ಇಪ್ಪತ್ನಾಲ್ಕು ಹಗಲು, ಇಪ್ಪತ್ನಾಲ್ಕು ರಾತ್ರಿ.
"ಅವಕ್ಕೆ ಸ್ಕೂಲಿದೆ. ಊಟಕ್ಕೆ ಕೂಗುವ ತಾಯಂದಿರಿದ್ದಾರೆ."
ಚಿಲ್ಲರೆ, ರಬ್ಬರ್ ಬ್ಯಾಂಡು ಸುತ್ತಿದ ನೋಟು, ಎಲ್ಲ ಸೇರಿ
ನಾಲ್ಕು ಸಾವಿರದ ನೂರ ಎಪ್ಪತ್ತು.
ಹಳೆಯದೊಂದು ಮದರ್‌ಬೋರ್ಡೂ ಅದರಲ್ಲೇ ಆಗಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಹೇಳಲು ಬಾಯಿ ತೆರೆದೆ. ಮುಚ್ಚಿದೆ.
ಇವಳು ಹಾಸಿಗೆಯನ್ನೇ ಹೊಲಿಯುವವಳು.

ಕೆಳಗಿನ ಖಾನೆಯಲ್ಲೊಂದಿತ್ತು, ಆರು ಕೋರಿನದೇ.
ಯಾರೋ ಫ್ಯಾನು ಕೀಳುವಾಗ ಅಂಟಿಕೊಂಡು ಕಿತ್ತು ಬಂದದ್ದು.
ಸಾವಿರದ ಮುನ್ನೂರ ಮೂವತ್ತೊಂದು ಕಾಲಿನಲ್ಲಿ
ಹತ್ತೋ ಹನ್ನೆರಡೋ ಮಲಗಿದ್ದವು,
ಗಾಳಿಗೆ ಬಿದ್ದ ಭತ್ತದ ಪೈರು.
"ಒಂಬೈನೂರು. ಗ್ಯಾರಂಟಿ ಇಲ್ಲ. ಕಾಲು ಮುರಿದರೆ ಬರೀ ಬಿಲ್ಲೆ."
ಹೋದ ವರ್ಷ ಇಂಥವು ಎರಡನ್ನು ಮುರಿದಿದ್ದೆ.
ಇದನ್ನೂ ಹೇಳಲಿಲ್ಲ.

ಅವಳು ಕನ್ನಡಕ ಏರಿಸಿದಳು.
ಕಾಲರಿನ ಮಡಿಕೆಯಿಂದ ಸೂಜಿ ತೆಗೆದಳು.
ಹಿಂದೆ ಸಾಲುಗಟ್ಟಿದವರು ಕೆಮ್ಮಿದರು,
ಮ್ಯಾನೇಜರ್ ಡಿಂಡೋ ಹುಬ್ಬು ಗಂಟಿಕ್ಕಿದ.
ಸೂಜಿ ಒಂದರ ಬುಡಕ್ಕೆ ಹೋಯಿತು, ಕೂದಲೆಳೆಯಷ್ಟು ಎತ್ತಿತು,
ಬಿಟ್ಟಿತು. ಮತ್ತೆ ಎತ್ತಿತು.
"ಕರುವಿನ ತೊಗಲಿಗಿಂತ ಮೆದು" ಅಂದಳು,
ನನಗಲ್ಲ, ಸೂಜಿಗೆ.
ಆಮೇಲೆ ನನಗೆ:
"ಕಾಲು ನೋಡಬೇಡ, ಸಾಲು ನೋಡು.
ಸಾಲು ನೆಟ್ಟಗಾದರೆ ಕಾಲು ತಾನೇ ಒಳಬರುತ್ತದೆ."

ಒತ್ತಲಿಲ್ಲ. ಸಾಕೆಟ್ಟಿನ ಮೇಲಿಟ್ಟು ಬೆರಳು ಬಿಟ್ಟಳು.
ತನ್ನ ಭಾರಕ್ಕೆ ತಾನೇ ಇಳಿಯಿತು.
ಸನ್ನೆ ತಿರುಗಿಸಿ, ಪರೀಕ್ಷೆಯ ಬೆಂಚಿನಲ್ಲಿ ಕರೆಂಟು ಕೊಟ್ಟೆ.
ಪರದೆ ಕಪ್ಪು.
ಕಪ್ಪು.
ಫ್ಯಾನು ಮಾತ್ರ ತನ್ನ ಪಾಡಿಗೆ ಸುತ್ತುತ್ತ
ಯಾರ ಮುಖವನ್ನೂ ನೋಡಲಿಲ್ಲ.
ಡಿಂಡೋನ ಕೆಮ್ಮೂ ನಿಂತಿತು. ಆಮೇಲೆ
ಬಿಳಿ ಅಕ್ಷರದ ಮೊದಲ ಸಾಲು.

ಚಿಲ್ಲರೆ ಎಣಿಸುವಷ್ಟರಲ್ಲಿ ಇಬ್ಬರು ಗಿರಾಕಿಗಳು ಬೇರೆ ಅಂಗಡಿಗೆ ಹೋದರು.
ನನ್ನ ಪಾಲಿನ ಕಮಿಷನ್ ಹದಿನಾಲ್ಕು ಪೆಸೋ.
ಬಾಗಿಲ ತನಕ ಹೋದವಳು ತಿರುಗಿ,
"ಸೊಟ್ಟದ್ದು ಇನ್ನೂ ಬಂದರೆ ಎಸೆಯಬೇಡ.
ತಿಂಗಳ ಕೊನೆಗೆ ಬರುತ್ತೇನೆ" ಅಂದಳು.

ಆ ರಾತ್ರಿ ಶಟರ್ ಎಳೆಯುವ ಮುಂಚೆ
ಖಾನೆಯಲ್ಲಿದ್ದ ಇನ್ನೊಂದನ್ನು ದೀಪಕ್ಕೆ ಹಿಡಿದೆ,
ಅತ್ತ ವಾಲಿಸಿ, ಇತ್ತ ವಾಲಿಸಿ, ಸಾಲು ಹುಡುಕಿದೆ.
ನನಗೆ ಕಾಲುಗಳೇ ಕಂಡವು.